ಗುಡ್ಡದ ತುಂಬ ನನ್ನ ಕೂದಲು

ನನ್ನ ದೊಡ್ಡವ್ವನ ಮೇಲಿನ ಸಾಲಿನ ಮುಂದಿನ ಹಲ್ಲಿನಲ್ಲಿ ಒಂದು ಗೀರು ಇತ್ತು. ಹಳೆಯ ಬಾವಿಯ ದಂಡೆಗಲ್ಲನ್ನು ಹಗ್ಗ ಕೊರೆದಿರುತ್ತದಲ್ಲ, ಹಾಗೆ. ಮೇಣ ಹಚ್ಚಿದ ದಾರವನ್ನು ಹಲ್ಲಿಗೆ ಸಿಕ್ಕಿಸಿ, ಬಲಗೈಯಿಂದ ಜಗ್ಗಿ ಹೊಲಿಗೆ ಬಿಗಿ ಮಾಡುವುದು ಅವಳ ರೂಢಿ. ವರ್ಷಗಟ್ಟಲೆ ಜಗ್ಗಿದ ಮೇಲೆ ದಾರ ತಾನಾಗಿಯೇ ಹೋಗಿ ಆ ಗೀರಿನಲ್ಲಿ ಕೂರುತ್ತಿತ್ತು. ನಕ್ಕಾಗ ಅದು ಚೆನ್ನಾಗಿ ಕಾಣುತ್ತಿತ್ತು. ಆದರೆ ಅವಳು ನಗುತ್ತಿದ್ದದ್ದು ಕಡಿಮೆ. ನಕ್ಕಳೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ನಮ್ಮ ಕೇರಿಗೆಲ್ಲ ಗೊತ್ತಿತ್ತು.

ಕ್ಷಮಿಸುವುದು ದೊಡ್ಡ ಗುಣ ಎಂದು ನನಗೆ ಶಾಲೆಯಲ್ಲಿ ಕಲಿಸಿದ ಮೇಷ್ಟ್ರಿಗೆ ನನ್ನ ದೊಡ್ಡವ್ವನ ಪರಿಚಯ ಇರಲಿಲ್ಲ. ಅವಳು ಯಾರನ್ನೂ ಕ್ಷಮಿಸಿದವಳಲ್ಲ. ಹೊಸಪೇಟೆಯ ಧಣಿಯನ್ನು ಕ್ಷಮಿಸಲಿಲ್ಲ, ಕಂಪನಿಯ ಖರೀದಿ ಸಾಹೇಬರನ್ನು ಕ್ಷಮಿಸಲಿಲ್ಲ, ನನ್ನನ್ನೂ ಕ್ಷಮಿಸಲಿಲ್ಲ. ಮೊದಲಿನ ಇಬ್ಬರ ಮೇಲೆ ಅವಳು ತೀರಿಸಿಕೊಂಡ ಸೇಡನ್ನು ಕಣ್ಣಾರೆ ಕಂಡು ನಾನು ಹಿಗ್ಗಿದ್ದೇನೆ. ಇವತ್ತಿಗೂ ನೆನೆಸಿಕೊಂಡು ಹಿಗ್ಗುತ್ತೇನೆ. ನನ್ನ ಮೇಲಿನದ್ದನ್ನು ಮಾತ್ರ ಇನ್ನೂ ನುಂಗಲಾಗಿಲ್ಲ.

ಅವಳು ನನ್ನ ಅವ್ವನ ಅಕ್ಕ. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತೀರಿಕೊಂಡಳು. ಗಂಡ ಸತ್ತು, ಮಕ್ಕಳಿಲ್ಲದೆ ತವರಿಗೆ ಮರಳಿದ್ದ ದೊಡ್ಡವ್ವ ನನ್ನನ್ನು ತನ್ನ ಮಗಳೆಂದೇ ಬೆಳೆಸಿದಳು. ಹೊಸಪೇಟೆಯಿಂದ ಕಂಪ್ಲಿಯ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ಊರಿನ ಇಳಿಜಾರಿನಲ್ಲಿ ನಮ್ಮ ಕೆಳಗೇರಿ. ನಮ್ಮದು ತೊಗಲಿನ ಕೆಲಸ. ಕಾಲುವೆ ಬರುವ ಮೊದಲು ಹೊಲಗಳಿಗೆಲ್ಲ ಬಾವಿಯ ನೀರೇ ಗತಿ. ಎತ್ತು ಕಟ್ಟಿ, ಕಪಿಲೆ ಹೊಡೆದು ನೀರೆತ್ತಬೇಕಿತ್ತು. ಆ ಕಪಿಲೆಗೆ ಕಟ್ಟುವ ದೊಡ್ಡ ತೊಗಲಿನ ಚೀಲ ನಮ್ಮ ಕೇರಿಯಿಂದಲೇ ಹೋಗಬೇಕು. ಗಂಡಸರು ತೊಗಲು ಹದ ಮಾಡಿದರೆ ನಮ್ಮ ಮನೆಯಲ್ಲಿ ಹೊಲಿಗೆ ಹೆಂಗಸರದು. ಹೊಲಿದ ಚೀಲಕ್ಕೆ ನೀರು ತುಂಬಿ ಬೇವಿನ ಮರಕ್ಕೆ ನೇತು ಹಾಕುತ್ತಿದ್ದರು. ಬೆಳಗಿನಿಂದ ಮಧ್ಯಾಹ್ನದ ತನಕ ಒಂದು ಹನಿ ಬೀಳದಿದ್ದರೆ ಮಾತ್ರ ಅದು ಊರೊಳಗೆ ಹೋಗುತ್ತಿತ್ತು.

ಹೊಲಿಗೆಯ ಕೊನೆಯ ಗಂಟಿಗೆ ಒಂದೊಂದು ಮನೆಯದು ಒಂದೊಂದು ಗುರುತು. ಒಂದು ಮನೆಯವರು ಗಂಟನ್ನು ಎಡಕ್ಕೆ ತಿರುವಿದರೆ ಇನ್ನೊಂದು ಮನೆಯವರು ಎತ್ತಿನ ಬಾಲದ ಕೂದಲು ಸೇರಿಸುತ್ತಿದ್ದರು. ನಮ್ಮ ಮನೆಯಲ್ಲಿ ಹೊಲಿದ ಹೆಂಗಸು ತನ್ನ ತಲೆಯದೇ ಒಂದು ಕೂದಲನ್ನು ಕಿತ್ತು, ದಾರದ ಜೊತೆ ಹೊಸೆದು ಗಂಟು ಹಾಕಬೇಕು. ತುಂಬಿದ ಚೀಲ ಬಾವಿಯಲ್ಲಿ ಹರಿದರೆ ಜಗ್ಗುತ್ತಿದ್ದ ಎತ್ತು ಮುಗ್ಗರಿಸಿ ಬೀಳುತ್ತದೆ, ಹೊಡೆಯುವವನ ಕೈಕಾಲು ಮುರಿಯುತ್ತದೆ. ಆಗ ಚೀಲ ಯಾರ ಕೈಯದೆಂದು ತಿಳಿಯಬೇಕು ಎಂಬುದಕ್ಕೆ ಈ ಗುರುತು. ದೊಡ್ಡವ್ವನ ಕೂದಲಿನ ಗಂಟು ಇದ್ದ ಚೀಲ ಒಂದೂ ಹರಿದದ್ದಿಲ್ಲ.

ಆಮೇಲೆ ಕಾಲುವೆ ಬಂತು. ಮೇಲಿನ ಕೇರಿಯವರು ಭತ್ತ, ಕಬ್ಬು, ಬಾಳೆ ಹಾಕಿದರು. ಮಣ್ಣಿನ ಮಾಳಿಗೆಗಳು ಹೋಗಿ ತಾರಸಿ ಮನೆಗಳು ಎದ್ದವು, ಅಂಗಳಕ್ಕೆ ಟ್ರ್ಯಾಕ್ಟರು ಬಂತು. ಬಾವಿಗಳಲ್ಲಿ ಕಸ ತುಂಬಿತು. ತೊಗಲಿನ ಚೀಲ ಕೇಳುವವರು ಒಬ್ಬರೂ ಉಳಿಯಲಿಲ್ಲ. "ಕಾಲುವಿ ನೀರು ಊರಿನ ಹೊಲಕ್ಕೂ ಬಂತು, ನಮ್ಮ ಒಲಿಗೂ ಬಂತು ನೋಡವ್ವಾ," ಎಂದು ದೊಡ್ಡವ್ವ ಹೇಳುತ್ತಿದ್ದಳು. ಆರಿದ ಒಲೆಯ ಮುಂದೆ ಕೂತು ಹೇಳುತ್ತಿದ್ದ ಮಾತು ಅದು. ಕೆಲವು ವರ್ಷ ಚಪ್ಪಲಿ ಹೊಲಿದಳು, ಎತ್ತಿನ ಗೆಜ್ಜೆಪಟ್ಟಿ ಹೊಲಿದಳು, ಕಬ್ಬಿನ ಗದ್ದೆಗೆ ಕೂಲಿಗೂ ಹೋದಳು.

ಹಾಗಿರುವಾಗ ಧಣಿ ಬಂದ. ಹೊಸಪೇಟೆಯ ಬಜಾರದಲ್ಲಿ ಹಗ್ಗ, ಸರಪಳಿ, ಗುದ್ದಲಿ, ಸಲಿಕೆ ಮಾರುವ ದೊಡ್ಡ ಅಂಗಡಿ ಅವನದು. ಸಂಡೂರಿನ ಗುಡ್ಡದ ಮೇಲೆ ದೊಡ್ಡ ಕಂಪನಿಯೊಂದು ಕಬ್ಬಿಣದ ಅದಿರಿನ ಗಣಿ ತೆಗೆದಿತ್ತು. ಅಲ್ಲಿಗೆ ಬೇಕಾದ ಸಾಮಾನು ಪೂರೈಸುವವನು ಇವನೇ. ಅದಿರಿನ ಉಂಡೆಗಳನ್ನು ಬರಿಗೈಯಲ್ಲಿ ಎತ್ತಿದರೆ ಅಂಗೈ ಸೀಳುತ್ತದೆ ಎಂದು ಕಂಪನಿ ತೊಗಲಿನ ಕೈಗವಸು ಕೊಡುತ್ತಿತ್ತು. ಧಣಿ ಜೀಪಿನಲ್ಲಿ ಕೇರಿಯ ಅಂಚಿನ ತನಕ ಬಂದು, ಇಳಿಯದೆ, ತೊಗಲಿನ ಕಟ್ಟು ಕೆಳಗೆ ದಬ್ಬಿಸಿ ಹೋಗುತ್ತಿದ್ದ. ಹದಿನೈದು ದಿನಕ್ಕೆ ಹೊಲಿದ ಮಾಲು ಒಯ್ಯುತ್ತಿದ್ದ. ದೊಡ್ಡವ್ವ ಕಪಿಲೆ ಚೀಲದ ಹೊಲಿಗೆಯನ್ನೇ ಕೈಗವಸಿಗೆ ಹಾಕಿದಳು. ಡಜನ್ನಿಗೆ ಒಂದಕ್ಕೆ ನೀರು ತುಂಬಿ ಬೇವಿಗೆ ಕಟ್ಟುತ್ತಿದ್ದಳು. ಬಲಗೈ ಹೆಬ್ಬೆರಳಿನ ಒಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಕೊನೆಯ ಗಂಟಿಗೆ ಒಂದು ಕೂದಲು ಹೊಸೆಯುತ್ತಿದ್ದಳು. ಹಾಗೆ ಮಾಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆ ಹೊಲಿಗೆಯಿಂದಲೇ ನಾನು ಓದಿದ್ದು. ಬಳ್ಳಾರಿಯ ಹಾಸ್ಟೆಲಿನಿಂದ ಒಮ್ಮೆ ರಜೆಗೆ ಬಂದಾಗ ದೊಡ್ಡವ್ವ ಬೇವಿನ ಕೆಳಗೆ ಕೂತು ಕೈಗವಸಿನ ಒಳಗೆ ಸಣ್ಣದೊಂದು ಬಟ್ಟೆಯ ಚೀಟಿ ಹೊಲಿಯುತ್ತಿದ್ದಳು. ಆ ವರ್ಷದಿಂದ ಧಣಿ ಚೀಟಿಗಳ ಕಟ್ಟನ್ನೂ ಕೊಡತೊಡಗಿದ್ದನಂತೆ. ಹೊಲಿಯುವ ಮೊದಲು ಪ್ರತಿಯೊಂದು ಚೀಟಿಯನ್ನೂ ಅವಳು ಎರಡು ಕಣ್ಣಿಗೂ ಒತ್ತಿಕೊಳ್ಳುತ್ತಿದ್ದಳು. ಅಕ್ಷರ ಇದ್ದದ್ದೆಲ್ಲ ದೇವರು ಅವಳಿಗೆ. ನನ್ನ ಪುಸ್ತಕ ಕಾಲಿಗೆ ತಾಗಿದರೂ ಹಾಗೇ ಮಾಡುತ್ತಿದ್ದಳು.

"ಏ ಮಗಳಾ, ಇದ್ರಾಗ ಏನು ಬರ್ದಾರ ಓದು," ಎಂದಳು. "ನನ್ನ ಹೆಸರೇನರ ಹಾಕಿಸ್ಯಾನೇನು ಧಣಿ?"

ಇಂಗ್ಲಿಷ್ ಅಕ್ಷರ. ನಾನು ಓದಿದೆ. "ಮದ್ರಾಸಿನ ಯಾವುದೋ ಫ್ಯಾಕ್ಟರಿ ಹೆಸರು ಐತಿ ದೊಡ್ಡವ್ವ. ಮಷೀನಿನಾಗ ಹೊಲಿದದ್ದು ಅಂತ ಐತಿ."

ಅವಳ ಕೈ ನಿಂತಿತು. ಕಣ್ಣಿಗೆ ಒತ್ತಿಕೊಂಡಿದ್ದ ಚೀಟಿಯನ್ನು ನಿಧಾನವಾಗಿ ತೊಡೆಯ ಮೇಲೆ ಇಟ್ಟಳು. ಎಷ್ಟು ಸಾವಿರ ಸಲ ಒತ್ತಿಕೊಂಡಿದ್ದಳೋ ಏನೋ. ಮುಂದಿನ ವಾರ ಜೀಪು ಬಂದಾಗ ನೇರ ಹೋಗಿ ಧಣಿಯನ್ನೇ ಕೇಳಿದಳು. ಅವನಿಗೆ ಸಿಟ್ಟು ಬರಲಿಲ್ಲ, ನಕ್ಕ. ನನಗೆ ಇವತ್ತಿಗೂ ಮೈ ಉರಿಯುವುದು ಆ ನಗೆಗೆ.

"ಏ ಹುಚ್ಚಿ, ಕೆಳಗೇರ್ಯಾಗ ಹೊಲಿದದ್ದು ಅಂತ ಗೊತ್ತಾದ್ರ ಅದ್ರಾಗ ಯಾರರ ಕೈ ಹಾಕ್ತಾರೇನು? ನಿನ್ನ ಹೊಟ್ಟಿ ಸಲುವಾಗೇ ಮಾಡೀನಿ," ಎಂದ.

ನಾನು ಮನೆಗೆ ಬಂದು ಅತ್ತೆ. ಅವನ ಕೆಲಸ ಬಿಟ್ಟುಬಿಡು ಎಂದೆ. ದೊಡ್ಡವ್ವ ಮೊದಲ ಸಲ ಒಂದು ಚೀಟಿಯನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿ, ಪಕ್ಕಕ್ಕೆ ಉಗಿದು, ಆಮೇಲೆ ಹೊಲಿಯತೊಡಗಿದಳು. "ಬಿಟ್ರ ಅವನಿಗೆ ಬ್ಯಾರೆಯವ್ರು ಸಿಗ್ತಾರ. ನಾ ಬಿಡಂಗಿಲ್ಲ. ಗುಡ್ಡದ ತುಂಬ ನನ್ನ ಕೂದಲು ಇರಲಿ," ಎಂದಳು. ಎಂದು ನಕ್ಕಳು. ಹಲ್ಲಿನ ಗೀರು ಕಂಡಿತು. ಧಣಿಗೆ ಗ್ರಹಚಾರ ಅವತ್ತೇ ಶುರುವಾಯಿತು. ಅದು ಅವನ ಮನೆ ಬಾಗಿಲಿಗೆ ಹೋಗಿ ಮುಟ್ಟಲು ಹತ್ತು ವರ್ಷ ಹಿಡಿಯಿತು.

ಆ ಹತ್ತು ವರ್ಷದಲ್ಲಿ ನಾನು ಟೈಪಿಂಗ್ ಪರೀಕ್ಷೆ ಪಾಸಾಗಿ ಅದೇ ಗುಡ್ಡದ ಕಂಪನಿಯ ಖರೀದಿ ವಿಭಾಗದಲ್ಲಿ ಟೈಪಿಸ್ಟ್ ಆದೆ. ಕಂಪನಿಯ ಕ್ವಾರ್ಟರ್ಸ್, ಕಂಪನಿಯ ಬಸ್ಸು, ಸಂಜೆ ಕ್ಲಬ್ಬಿನಲ್ಲಿ ಹೆಂಗಸರ ಕೇರಂ. ನನ್ನ ಅಪ್ಪ ಕಂಪ್ಲಿಯಲ್ಲಿ ಮೇಷ್ಟ್ರಾಗಿದ್ದರು ಎಂದು ನೆರೆಮನೆಯವರಿಗೆ ಹೇಳಿದ್ದೆ. ಅಪ್ಪನ ಮುಖವನ್ನೇ ಸರಿಯಾಗಿ ಕಾಣದವಳು ನಾನು. ಯಾರೂ ಕೇಳಿರಲಿಲ್ಲ, ನಾನೇ ಹೇಳಿದ್ದು. ನಾಚಿಕೆ ಎಂದರೆ ಇದೇ, ಬೇರೆ ಹೆಸರಿಲ್ಲ ಅದಕ್ಕೆ.

ಒಂದು ದಿನ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಪರಿಶಿಷ್ಟ ಜಾತಿಯವರು, ಹೆಂಗಸರು ತಾವೇ ನಡೆಸುವ ಸಣ್ಣ ಕಾರ್ಖಾನೆಗಳಿಂದ ಒಂದು ಪಾಲು ಮಾಲನ್ನು ನೇರವಾಗಿ ಕೊಳ್ಳಬೇಕು, ಅವರಿಂದ ಠೇವಣಿ ಕೇಳಕೂಡದು, ಮಾದರಿ ಒಪ್ಪಿಗೆಯಾದರೆ ಪೂರೈಕೆದಾರರ ಪಟ್ಟಿಗೆ ಸೇರಿಸಬೇಕು. ಕಾರ್ಬನ್ ಹಾಳೆ ಇಟ್ಟು ಆರು ಪ್ರತಿ ತೆಗೆದವಳು ನಾನೇ. ಖರೀದಿ ಸಾಹೇಬರು ಒಂದಕ್ಕೆ ಸಹಿ ಹಾಕಿ ಕಪಾಟಿಗೆ ಸೇರಿಸಿದರು. ಅದು ಅಲ್ಲೇ ಧೂಳು ತಿನ್ನಬೇಕಿತ್ತು. ಭಾನುವಾರ ಕೇರಿಗೆ ಹೋದಾಗ ಮಾತಿಗೆ ಮಾತು ಬಂದು ದೊಡ್ಡವ್ವನಿಗೆ ಹೇಳಿದೆ. ಅವಳು ಸೂಜಿ ಕೆಳಗಿಟ್ಟು ಮೂರು ಸಲ ಹೇಳಿಸಿದಳು.

"ಅಂದ್ರ ಧಣಿ ನಡುವ ಬ್ಯಾಡ?"

"ಬ್ಯಾಡ."

"ನಾನ ಹೋಗಿ ಕೊಡಬೌದು?"

"ಕೊಡಬೌದು ದೊಡ್ಡವ್ವ."

ಎರಡು ವಾರದಲ್ಲಿ ಅವಳು ಕಚೇರಿಗೆ ಬಂದಳು. ಮೊದಲ ಬಸ್ಸಿಗೆ ಬಂದಿರಬೇಕು, ಸೀರೆಯ ಅಂಚಿಗೆ ಗುಡ್ಡದ ಕೆಂಪು ಧೂಳು. ಬಗಲಲ್ಲಿ ಕೈಗವಸಿನ ಚೀಲ. ನೇರವಾಗಿ ನನ್ನ ಮೇಜಿನ ಮುಂದೆ ಬಂದು, ಮನೆಯವಳ ಹತ್ತಿರ ನಿಲ್ಲುವ ಹಾಗೆ ನಿಂತಳು. ಖರೀದಿ ಸಾಹೇಬರು ಒಳಕೋಣೆಯಿಂದ ಇಣುಕಿದರು. ಅವರು ಮೈಸೂರಿನ ಕಡೆಯವರು. ಧಣಿಯ ಅಂಗಡಿಯಿಂದ ಪ್ರತಿ ದೀಪಾವಳಿಗೆ ಅವರ ಮನೆಗೆ ಬುಟ್ಟಿ ಬರುತ್ತಿತ್ತು.

"ಯಾರಮ್ಮ ಇವಳು? ನಿಮಗೆ ಗೊತ್ತಿರೋಳಾ?" ಎಂದು ನನ್ನನ್ನು ಕೇಳಿದರು.

ಇಡೀ ವಿಭಾಗ ತಲೆ ಎತ್ತಿತು. ನನ್ನ ಬೆರಳುಗಳು ಟೈಪ್‌ರೈಟರಿನ ಮೇಲೆಯೇ ಇದ್ದವು.

"ಗೊತ್ತಿಲ್ಲ ಸರ್," ಎಂದೆ.

ದೊಡ್ಡವ್ವ ನನ್ನನ್ನು ಒಂದೇ ಒಂದು ಸಲ ನೋಡಿದಳು. ಆ ನೋಟದಲ್ಲಿ ನೋವು ಇತ್ತೆಂದು ಬರೆದರೆ ನನಗೆ ಸಮಾಧಾನ ಆದೀತು, ಆದರೆ ಇರಲಿಲ್ಲ. ಧಣಿ ನಕ್ಕ ದಿನ ಅವನನ್ನು ನೋಡಿದ ಹಾಗೆಯೇ ನೋಡಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಸೆರಗು ಸರಿ ಮಾಡಿಕೊಂಡು, "ಮೇಡಮ್ಮಾರ, ಆ ಫಾರಮ್ಮು ಯಾರ ಹಂತ್ಯಾಕ ಸಿಗತಾವ್ರಿ?" ಎಂದಳು.

ಫಾರಮ್ಮು ಕೊಟ್ಟೆ. ತುಂಬಿ ಕೊಡಲೇ ಎನ್ನುವ ಧೈರ್ಯ ಬರಲಿಲ್ಲ. ಕೇಳಿದ್ದರೂ ಅವಳು ಕೊಡುತ್ತಿರಲಿಲ್ಲ.

ಹೊಸಪೇಟೆಯ ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವನೊಬ್ಬನನ್ನು ಹಿಡಿದು ಅದನ್ನು ತುಂಬಿಸಿದಳು. ಜಾತಿ ಪ್ರಮಾಣಪತ್ರಕ್ಕೆ ಏಳು ಸಲ ಅಲೆದಳು. ಎಂಟನೆಯ ಸಲ ಗುಮಾಸ್ತನ ಮೇಜಿನ ಪಕ್ಕದಲ್ಲೇ ಕೂತು ತೊಗಲು ಕೆತ್ತತೊಡಗಿದಳು. ಆ ವಾಸನೆಗೆ ಅರ್ಧ ಗಂಟೆಯಲ್ಲಿ ಪ್ರಮಾಣಪತ್ರ ಸಿಕ್ಕಿತು. "ಇಷ್ಟು ವರ್ಷ ಇದ ವಾಸನೀಗೆ ದೂರ ಕುಂದ್ರಿಸ್ತಿದ್ರು. ಈಗ ಅದ ವಾಸನಿ ನನ್ನ ಕೆಲಸ ಮಾಡಿಕೊಡ್ತು," ಎಂದು ಕೇರಿಯಲ್ಲಿ ಹೇಳಿಕೊಂಡು ನಕ್ಕಳಂತೆ. ಫಾರಮ್ಮಿನಲ್ಲಿ ಕಾರ್ಖಾನೆಯ ವಿಸ್ತೀರ್ಣ ಎಷ್ಟು ಎಂಬ ಕಡೆ, ಬೇವಿನ ಮರದ ನೆರಳು, ಮಧ್ಯಾಹ್ನ ಕಡಿಮೆ, ಸಂಜೆ ಹೆಚ್ಚು ಎಂದು ಬರೆಸಿದ್ದಳು. ಅದನ್ನು ನಾನೇ ಕಡತಕ್ಕೆ ಸೇರಿಸಿದೆ. ಬಳ್ಳಾರಿಯಿಂದ ಸಣ್ಣ ಕೈಗಾರಿಕೆಯ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ನೆರಳಿಗೆ ಟೇಪು ಹಿಡಿದು ಅಳೆದನಂತೆ. ಕೊಟ್ಟ ನೀರು ಕುಡಿಯಲಿಲ್ಲವಂತೆ, ಆದರೆ ಕಾಗದಕ್ಕೆ ಸಹಿ ಹಾಕಿದನಂತೆ. ಇದೆಲ್ಲ ನನಗೆ ತಿಳಿದದ್ದು ಕೇರಿಯ ಹೆಂಗಸರಿಂದ. ದೊಡ್ಡವ್ವ ನನಗೆ ಏನನ್ನೂ ಹೇಳುವುದನ್ನು ಬಿಟ್ಟಿದ್ದಳು.

ಕಾಗದಗಳೆಲ್ಲ ಕೂಡಿಬಂದ ಮೇಲೆ ಉಳಿದದ್ದು ಮಾದರಿಯ ಪರೀಕ್ಷೆ. ಖರೀದಿ ಸಾಹೇಬರ ಕೋಣೆಯಲ್ಲಿ ಸಭೆ. ಸಾಹೇಬರು, ಗಣಿಯ ಸುರಕ್ಷತೆ ನೋಡಿಕೊಳ್ಳುವ ವಯಸ್ಸಾದ ಅಧಿಕಾರಿ, ಈಗಿನ ಪೂರೈಕೆದಾರನೆಂದು ಧಣಿ, ಬರೆದುಕೊಳ್ಳಲು ನಾನು. ಆ ವಯಸ್ಸಾದವರು ಆಂಧ್ರದ ಕಡೆಯವರು, ಸ್ವತಃ ಗಣಿಗೆ ಇಳಿದು ಕೈ ಕೆಂಪು ಮಾಡಿಕೊಂಡವರು. ದೊಡ್ಡವ್ವನನ್ನು ಬಾಗಿಲ ಬಳಿ ನಿಲ್ಲಿಸಿದ್ದರು.

ಮಾದರಿ ಎಂದರೆ ಒಪ್ಪಿಗೆಯಾದ ಒಂದು ಜೊತೆ ಕೈಗವಸನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ, ಧಣಿಯ ಮತ್ತು ಸಾಹೇಬರ ಸಹಿ ಇರುವ ಕಾರ್ಡು ಕಟ್ಟಿ ಉಗ್ರಾಣದಲ್ಲಿ ಇಟ್ಟಿರುವುದು. ಹೊಸದಾಗಿ ಬರುವ ಮಾಲು ಅದಕ್ಕೆ ಸರಿಸಮ ಇರಬೇಕು. ಸಾಹೇಬರು ದೊಡ್ಡವ್ವನ ಕೈಗವಸನ್ನು ಪೆನ್ಸಿಲಿನ ತುದಿಯಿಂದ ಎತ್ತಿ ನೋಡಿ ಕೆಳಗೆ ಬಿಟ್ಟರು.

"ನೋಡಮ್ಮ, ನಿನ್ನ ಕಷ್ಟ ನಮಗೆ ಅರ್ಥ ಆಗುತ್ತೆ. ಆದರೆ ನಮ್ಮ ಮಾದರಿ ಮದ್ರಾಸಿನ ಮಷೀನಿನದು. ಕೈಯಲ್ಲಿ ಹೊಲಿದದ್ದು ಅದಕ್ಕೆ ಹೇಗೆ ಸಮ ಆಗುತ್ತೆ?"

ಧಣಿ ಕನಿಕರದಿಂದ ತಲೆಯಾಡಿಸಿದ. ದೊಡ್ಡವ್ವ ಬಾಗಿಲಿನಿಂದಲೇ ಹೇಳಿದಳು: "ಆ ಮದ್ರಾಸಿನ ಮಾದರಿ ಬಿಚ್ಚ್ರಿ ಸಾಹೇಬ್ರ."

"ಅದೆಲ್ಲ ಬಿಚ್ಚೋಕಾಗಲ್ಲ. ಮುದ್ರೆ ಒತ್ತಿದೆ."

"ಹಂಗಾದ್ರ ಬಿಚ್ಚೂದಕ್ಕಿಂತ ಮೊದಲ ಹೇಳ್ತೀನಿ ಕೇಳ್ರಿ. ಬಲಗೈ ಹೆಬ್ಬೆರಳಿನ ಒಳಗ ಕೊನೀ ಗಂಟು ಐತಿ. ಅದ್ರಾಗ ದಾರದ ಜೋಡಿ ಒಂದು ಹೆಂಗಸಿನ ಕೂದಲು ಐತಿ. ಇರಲಿಲ್ಲಂದ್ರ ನಾ ಈ ಗುಡ್ಡ ಮತ್ತ ಹತ್ತಂಗಿಲ್ಲ."

ಸಾಹೇಬರು ಗಡಿಯಾರ ನೋಡಿದರು. ಸುರಕ್ಷತೆಯ ಅಧಿಕಾರಿ ಮಾತ್ರ ಕುರ್ಚಿ ಮುಂದಕ್ಕೆ ಎಳೆದುಕೊಂಡು, "ತೆರೀರಿ, ನೋಡೇ ಬಿಡಾಣ. ಇದ್ರಲ್ಲಿ ನಷ್ಟ ಏನಿದೆ?" ಎಂದರು. ಪ್ಯೂನು ಮುದ್ರೆ ಒಡೆದ. ಅಧಿಕಾರಿ ಹೆಬ್ಬೆರಳನ್ನು ಒಳಹೊರಗು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿ, ಉಗುರಿನಿಂದ ಗಂಟನ್ನು ಬಿಡಿಸಿದರು. ಹೊರಗೆ ಬಂತು, ಗೇಣುದ್ದದ ಕಪ್ಪು ಕೂದಲು.

ಧಣಿಯ ಮುಖ ನೋಡಬೇಕಿತ್ತು ನೀವು. ನಾನು ನೋಡಿದೆ, ಕಣ್ಣು ತುಂಬ ನೋಡಿದೆ, ಒಂದು ಅಕ್ಷರವನ್ನೂ ಬರೆದುಕೊಳ್ಳದೆ ನೋಡಿದೆ.

ದೊಡ್ಡವ್ವ ಈಗ ಒಳಗೆ ಬಂದಳು. ಯಾರೂ ಬಾ ಎಂದಿರಲಿಲ್ಲ, ಬೇಡ ಎನ್ನಲೂ ಇಲ್ಲ. ತಾನು ತಂದ ಕೈಗವಸಿನ ಹೆಬ್ಬೆರಳನ್ನೂ ಹೊರಳಿಸಿ ಅಧಿಕಾರಿಯ ಮುಂದಿಟ್ಟಳು. ಅದೇ ಗಂಟು. ಕೂದಲು ಬಿಳಿದು.

"ಆಗ ಕರಿ ಇತ್ರಿ. ಇವರ ಮಾಲು ಹೊಲ್ದು ಹೊಲ್ದು ಬೆಳ್ಳಗಾತು," ಎಂದಳು. ಆಮೇಲೆ ಧಣಿಯ ಕಡೆ ತಿರುಗಿ, ಬಹಳ ಮೆತ್ತಗೆ, "ಧಣಿ, ಮದ್ರಾಸಿನ ಮಷೀನಿಗೆ ತಲಿಗೂದಲು ಇರತಾವೇನ್ರಿ?" ಎಂದಳು.

ಸುರಕ್ಷತೆಯ ಅಧಿಕಾರಿ ನಕ್ಕ ಸದ್ದು ಉಗ್ರಾಣದ ತನಕ ಕೇಳಿಸಿತಂತೆ. ಖರೀದಿ ಸಾಹೇಬರಿಗೆ ನಗಲಾಗಲಿಲ್ಲ, ಕಾರ್ಡಿನ ಮೇಲೆ ಅವರದೇ ಸಹಿ ಇತ್ತಲ್ಲ. ಸುಳ್ಳು ಚೀಟಿ ಹಾಕಿದ್ದಕ್ಕೆ ಧಣಿಯ ಹೆಸರನ್ನು ಕೈಗವಸಿನ ಪಟ್ಟಿಯಿಂದ ತೆಗೆಯಬೇಕೆಂದು, ಈ ಹೆಂಗಸಿನ ಹೆಸರು ಸೇರಿಸಬೇಕೆಂದು ಅಧಿಕಾರಿ ಹೇಳಿ ಬರೆಸಿದರು. ಟೈಪು ಮಾಡಿದವಳು ನಾನು. ಅಷ್ಟು ಖುಷಿಯಿಂದ ಯಾವ ಕಾಗದವನ್ನೂ ನಾನು ಟೈಪು ಮಾಡಿದ್ದಿಲ್ಲ.

ಧಣಿ ಸುಮ್ಮನಿರಲಿಲ್ಲ. ಎಲ್ಲಿಂದಲೋ ವಿಚಾರಿಸಿಕೊಂಡು ಬಂದು, ಖರೀದಿ ವಿಭಾಗದ ಟೈಪಿಸ್ಟು ಅವಳ ಸಂಬಂಧಿ, ಒಳಗಿನ ಸುದ್ದಿ ಅವಳೇ ಕೊಟ್ಟಿದ್ದು ಎಂದು ದೂರು ಕೊಟ್ಟ. ದೂರು ನಿಂತಿದ್ದರೆ ನನ್ನ ಕೆಲಸವೂ ಹೋಗುತ್ತಿತ್ತು, ದೊಡ್ಡವ್ವನ ಹೆಸರೂ ಪಟ್ಟಿಯಿಂದ ಹೋಗುತ್ತಿತ್ತು. ಖರೀದಿ ಸಾಹೇಬರು, ಬೇರೆ ದಾರಿಯಿಲ್ಲದೆ, ನಿಜವನ್ನೇ ಬರೆದುಕೊಟ್ಟರು: ಈ ಹೆಂಗಸು ಗೊತ್ತಿಲ್ಲವೆಂದು ಟೈಪಿಸ್ಟು ಎಲ್ಲರೆದುರು ಹೇಳಿದ್ದಾರೆ. ದೂರು ಬಿದ್ದುಹೋಯಿತು.

ಮುಂದಿನ ಭಾನುವಾರ ಕೇರಿಗೆ ಓಡಿದೆ. ಕಾಲು ಹಿಡಿಯಬೇಕೆಂದೇ ಹೋಗಿದ್ದೆ. ದೊಡ್ಡವ್ವ ಬೇವಿನ ಕೆಳಗಿನಿಂದ ಎದ್ದು ನಿಂತಳು.

"ಬರ್ರಿ ಮೇಡಮ್ಮಾರ. ನೀವು ಅವತ್ತು ಹೇಳಿದ ಸುಳ್ಳು ಭಾಳ ಉಪಯೋಗಕ್ಕ ಬಂತ್ರಿ," ಎಂದಳು.

"ದೊಡ್ಡವ್ವ, ತಪ್ಪಾತು ಬೇ. ಹಂಗ ಮಾತಾಡಬ್ಯಾಡ."

"ಅಯ್ಯ, ಮ್ಯಾಲ ಕುಂದ್ರಿ. ನೆಲದ ಮ್ಯಾಲ ಬ್ಯಾಡ, ಸೀರಿ ಮಣ್ಣಾಗತೈತಿ," ಎಂದು ಇನ್ಸ್‌ಪೆಕ್ಟರಿಗೆಂದು ತಂದಿಟ್ಟಿದ್ದ ಕಬ್ಬಿಣದ ಕುರ್ಚಿಯನ್ನು ಎಳೆದು ಹಾಕಿದಳು. ಸಾಹೇಬರಿಗೆಂದು ಇಟ್ಟಿದ್ದ ಗಾಜಿನ ಲೋಟದಲ್ಲಿ ನನಗೆ ಚಹಾ ಬಂತು. ಚಿಕ್ಕಂದಿನಿಂದ ಅವಳ ಎಡಮಗ್ಗುಲಲ್ಲಿ ಕೂತು ದಾರಕ್ಕೆ ಮೇಣ ಹಚ್ಚಿಕೊಡುತ್ತಿದ್ದ ನನ್ನ ಜಾಗದಲ್ಲಿ ಪಕ್ಕದ ಮನೆಯ ಹೆಂಗಸು ಕೂತಿದ್ದಳು.

ಅಲ್ಲಿಂದ ಮುಂದೆ ಅವಳ ಏಳಿಗೆ. ಹದಿನಾಲ್ಕು ಹೆಂಗಸರು ಆ ಬೇವಿನ ಕೆಳಗೆ ಹೊಲಿದರು, ಆಮೇಲೆ ತಗಡಿನ ಶೆಡ್ಡು ಬಂತು. ಮೊದಲ ಕಂತು ಗುಡ್ಡಕ್ಕೆ ಹೋಗುವ ಮುಂಚೆ ಅವಳು ಹೊಸಪೇಟೆಗೆ ಹೋಗಿ ಚೀಟಿ ಮಾಡಿಸಿಕೊಂಡು ಬಂದಳು. ಕನ್ನಡದಲ್ಲಿ, ದಪ್ಪನೆಯ ಕೆಂಪು ಅಕ್ಷರದಲ್ಲಿ, ಒಂದೇ ಮಾತು: ಕೆಳಗೇರಿ. ಅವಳ ಹೆಸರಿಲ್ಲ, ಊರಿನ ಹೆಸರಿಲ್ಲ. ಅದನ್ನು ಒಳಗೆ ಹೊಲಿಯಲಿಲ್ಲ. ಮುಂಗೈ ಮೇಲೆ, ಎಲ್ಲರ ಕಣ್ಣಿಗೂ ಹೊಡೆಯುವ ಹಾಗೆ ಹೊಲಿದಳು. ಹೊಲಿಯುವ ಮೊದಲು ಪ್ರತಿಯೊಂದನ್ನೂ ಮತ್ತೆ ಎರಡು ಕಣ್ಣಿಗೂ ಒತ್ತಿಕೊಂಡಳಂತೆ.

"ಹಿಂಗ ಹಾಕಿದ್ರ ಯಾರೂ ಮುಟ್ಟಂಗಿಲ್ಲವ್ವಾ," ಎಂದು ಕೇರಿಯ ಹಿರಿಯರು ಹೆದರಿದರಂತೆ.

"ಮುಟ್ಲಿ. ತಿಳದು ಮುಟ್ಲಿ," ಎಂದಳಂತೆ.

ಮೊದಲ ದಿನ ಗಣಿಯಲ್ಲಿ ಗುಸುಗುಸು ಆಯಿತು. ನಾಲ್ಕೈದು ಜನ ಕೈಗವಸು ಬಿಸಾಕಿ ಬರಿಗೈಯಲ್ಲಿ ಅದಿರು ಎತ್ತಿದರು. ಮಧ್ಯಾಹ್ನದ ಸೈರನ್ನಿಗೆ ಅಂಗೈಯಲ್ಲಿ ರಕ್ತ. ಊಟವಾದ ಮೇಲೆ ಮಾತಿಲ್ಲದೆ ಹಾಕಿಕೊಂಡರು. ಬಸ್ಸಿನಲ್ಲಿ ಕ್ವಾರ್ಟರ್ಸಿಗೆ ಹೋಗುವಾಗ ನಾನು ಕಿಟಕಿಯಿಂದ ಆ ಕೈಗಳನ್ನು ನೋಡುತ್ತಿದ್ದೆ. ಯಾವ ಕೇರಿಯವರ ಕೈಯಾದರೇನು, ಎಲ್ಲದರ ಮೇಲೂ ನಮ್ಮ ಕೇರಿ. ಆ ಸಂತೋಷಕ್ಕೆ ಎಣೆಯಿಲ್ಲ. ಅದು ಒಳ್ಳೆಯ ಸಂತೋಷ ಅಲ್ಲ ಎಂದು ಯಾರಾದರೂ ಹೇಳುವುದಿದ್ದರೆ ಹೇಳಲಿ.

ಧಣಿ ಕೆಲವು ವರ್ಷದ ನಂತರ ಹೊಸಪೇಟೆಯ ರೈಲ್ವೆ ಅಂಗಳದಲ್ಲಿ ಅದಿರು ತುಂಬಿಸುವ ಗುತ್ತಿಗೆ ಹಿಡಿದ. ಕಂಪನಿಯ ನಿಯಮದ ಪ್ರಕಾರ ಅವನ ಆಳುಗಳಿಗೂ ಒಪ್ಪಿಗೆಯಾದ ಕೈಗವಸೇ ಬೇಕು. ಒಪ್ಪಿಗೆಯಾದದ್ದು ದೊಡ್ಡವ್ವನದು ಒಂದೇ. ಅವನು ಆಳು ಕಳಿಸಿದ. ಅಳತೆ ಒಪ್ಪಿಸಿಕೊಳ್ಳಲು ಮಾಲೀಕರೇ ಬರಬೇಕು ಎಂದು ದೊಡ್ಡವ್ವ ವಾಪಸ್ ಕಳಿಸಿದಳು. ಮಗನನ್ನು ಕಳಿಸಿದ. ಅವನನ್ನೂ ವಾಪಸ್ ಕಳಿಸಿದಳು. ಕೊನೆಗೆ ಒಂದು ಭಾನುವಾರ, ನಾನು ಆ ಕಬ್ಬಿಣದ ಕುರ್ಚಿಯ ಮೇಲೆ ಕೂತಿದ್ದಾಗಲೇ, ಜೀಪು ಬಂತು. ಕೇರಿಯ ಅಂಚಿನಲ್ಲಿ ನಿಂತಿತು. ಧಣಿ ಇಳಿದ. ಇಷ್ಟು ವರ್ಷದಲ್ಲಿ ಅವನ ಚಪ್ಪಲಿಗೆ ನಮ್ಮ ಮಣ್ಣು ತಾಗಿದ್ದು ಅವತ್ತೇ ಮೊದಲು.

ದೊಡ್ಡವ್ವ ಅವನನ್ನು ಮಂಚದ ಮೇಲೆ ಕೂರಿಸಿದಳು. ಇಡೀ ಕೇರಿ ಸುತ್ತ ನಿಂತಿತ್ತು. ಹೊಸ ಕೈಗವಸೊಂದನ್ನು ಅಗಲಿಸಿ ಹಿಡಿದಳು.

"ಕೈ ಹಾಕ್ರಿ ಧಣಿ."

ಅವನು ಅತ್ತ ಇತ್ತ ನೋಡಿದ. ಹಾಕಿದ.

"ಬಿಗಿ ಆಗತೈತೇನ್ರಿ?"

"ಇಲ್ಲ. ಸರಿ ಐತಿ."

"ಇನ್ನೊಂದು ಕೈ."

ಅದನ್ನೂ ಹಾಕಿದ. ಎರಡು ಮುಂಗೈ ಮೇಲೂ ಕೆಳಗೇರಿ. ಆಗ ಒಬ್ಬಳು ಬಿಸಿ ಚಹಾದ ಸ್ಟೀಲ್ ಲೋಟ ತಂದು ಮುಂದೆ ಹಿಡಿದಳು. ಅವನು ಕೈಗವಸು ತೆಗೆಯಹೋದ.

"ಇರ್ಲಿರಿ, ಹಾಕ್ಕೊಂಡ ಹಿಡೀರಿ. ಸುಡಂಗಿಲ್ಲ," ಎಂದಳು ದೊಡ್ಡವ್ವ. ಹಾಗೆಂದು ನಕ್ಕಳು, ಗೀರು ಪೂರ್ತಿ ಕಾಣುವ ಹಾಗೆ.

ಅವನು ಕುಡಿದ. ಪೂರ್ತಿ ಕುಡಿದ. ಖಾಲಿ ಲೋಟ ಕೆಳಗಿಟ್ಟ. ಆಮೇಲೆ ದೊಡ್ಡವ್ವ ಅವನಿಗೆ ಬೇಕಾದಷ್ಟು ಕೈಗವಸು ಕೊಟ್ಟಳು, ಒಂದಕ್ಕೂ ಕುಂದಿಲ್ಲ, ಒಂದಕ್ಕೂ ತಡವಿಲ್ಲ. ಹೊಲಿಗೆಯಲ್ಲಿ ಸೇಡು ತೀರಿಸುವವಳಲ್ಲ ಅವಳು.

ಅವತ್ತು ಅವನು ಹೋದ ಮೇಲೆ ಕೇರಿ ಕುಣಿಯಿತು. ನಾನೂ ಎದ್ದು ಹೋಗಿ ದೊಡ್ಡವ್ವನನ್ನು ತಬ್ಬಿಕೊಳ್ಳಬೇಕೆಂದು ಕೈ ಚಾಚಿದೆ. ಅವಳು ಅದನ್ನು ಲೋಟ ಕೊಡುತ್ತಿರುವ ಕೈ ಎಂಬಂತೆ ನೋಡಿ, "ಚಹಾ ಇನ್ನಷ್ಟು ಹಾಕಲೇನ್ರಿ ಮೇಡಮ್ಮಾರ?" ಎಂದಳು.

ನಾನು ಹೋಗುವುದನ್ನು ಬಿಡಲಿಲ್ಲ. ಕ್ವಾರ್ಟರ್ಸಿನಲ್ಲಿ ಎಲ್ಲರಿಗೂ ನಿಜ ಹೇಳಿದೆ. ಕೇರಂ ಆಡಲು ಬರುತ್ತಿದ್ದವರಲ್ಲಿ ಇಬ್ಬರು ಬರುವುದು ನಿಲ್ಲಿಸಿದರು, ನಿಲ್ಲಿಸಲಿ. ದೊಡ್ಡವ್ವನಿಗೆ ಅದನ್ನೂ ಹೇಳಿದೆ. "ಹೌದೇನ್ರಿ? ಛಲೋ ಆತ್ರಿ," ಎಂದಳು. ಕುರ್ಚಿ ಹಾಗೇ ಇತ್ತು, ಗಾಜಿನ ಲೋಟವೂ ಹಾಗೇ ಇತ್ತು. ಹೊಸದಾಗಿ ಹೊಲಿಗೆಗೆ ಸೇರಿದ ಹುಡುಗಿಯರಿಗೆ ನನ್ನನ್ನು ಅವಳು ತೋರಿಸಿದ್ದು ಕಂಪನಿಯವರು ಎಂದು. ಜ್ವರ ಬಂದು ಮಲಗಿದಾಗ ಹಣೆ ಮುಟ್ಟಲು ಬಿಟ್ಟಳು, ಮಗಳಾ ಎನ್ನಲಿಲ್ಲ. ನಾನು ಕಾದೆ. ಅವಳು ಧಣಿಗೆ ಹತ್ತು ವರ್ಷ ಕಾದವಳು, ನನಗಿಂತ ಚೆನ್ನಾಗಿ ಕಾಯುವುದು ಅವಳಿಗೆ ಗೊತ್ತಿತ್ತು.

ಅವಳು ತೀರಿಕೊಂಡ ಸುದ್ದಿ ಬಂದ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಅವಳನ್ನು ಬೇವಿನ ಕೆಳಗೆ ಕೂರಿಸಿದ್ದರು. ಬಿಳಿ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು. ಹೆಂಗಸರ ಸಾಲಿನಲ್ಲಿ ನೆಲದ ಮೇಲೆ ಕೂತೆ, ಕುರ್ಚಿ ತರಲು ಎದ್ದವಳನ್ನು ಬೇಡವೆಂದು ತಡೆದೆ. ಹನ್ನೊಂದರ ಹೊತ್ತಿಗೆ ಕಂಪನಿಯ ಕಾರು ಬಂತು. ಖರೀದಿ ವಿಭಾಗಕ್ಕೆ ಆ ವಾರವಷ್ಟೇ ಹೊಸದಾಗಿ ಬಂದು, ಇನ್ನೂ ನನ್ನ ಗುರುತಿರದ ಎಳೆಯ ಅಧಿಕಾರಿ ಹಾರ ಹಾಕಿ, ಕೈಮುಗಿದು, ಸಂತಾಪಪತ್ರ ಯಾರ ಕೈಗೆ ಕೊಡಬೇಕೆಂದು ಸುತ್ತ ನೋಡಿದ. ಅಳುತ್ತಿದ್ದ ನಾನು ಕಣ್ಣಿಗೆ ಬಿದ್ದೆ.

"ನೀವು ಇವರಿಗೆ ಏನಾಗಬೇಕು?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹುಡುಗಿ, ದೊಡ್ಡವ್ವ ಕಲಿಸಿದ್ದನ್ನೇ, ಒಂದಿಷ್ಟೂ ಕೆಡುಕಿಲ್ಲದೆ ಹೇಳಿದಳು: "ಅವ್ರು ನಮ್ಮವ್ರಲ್ರಿ. ಕಂಪನಿ ಮೇಡಮ್ಮಾರು."

"ಅಲ್ಲ," ಎಂದೆ. ಧ್ವನಿ ಎಲ್ಲಿಂದ ಬಂತೋ, ಸಾಲಿನ ಕೊನೆಯವರೂ ತಿರುಗಿದರು. "ನಾನು ಇವಳ ಮಗಳು."

ಹುಡುಗಿ ಬೆಚ್ಚಿ, ಹೌದೋ ಅಲ್ಲವೋ ಎಂದು ಕೇಳುವವಳಂತೆ, ದೊಡ್ಡವ್ವನ ಮುಖ ನೋಡಿದಳು. ಅಧಿಕಾರಿಯೂ ನೋಡಿದ. ನಾನೂ ನೋಡಿದೆ. ಅವಳ ತುಟಿ ಒಂದಿಷ್ಟು ತೆರೆದಿತ್ತು, ಮುಂದಿನ ಹಲ್ಲಿನ ಗೀರು ಸ್ಪಷ್ಟವಾಗಿ ಕಾಣುತ್ತಿತ್ತು. ಈ ಸಲ ಗೊತ್ತಿಲ್ಲ ಎನ್ನುವ ಸರದಿ ಅವಳದಾಗಿತ್ತು.